ಗಜಕರ್ಣ

ಕಂಡಕ್ಟರ್ ಬುಟ್ಟಿ ನೋಡಿ ಕೇಳಿದ, ಏನದು?
ಬಾಂಗಡೆ, ಎಂದೆ.
ಹಸಿಯದೋ, ಒಣಗಿದ್ದೋ?
ಉತ್ತರ ಬುಟ್ಟಿಯೇ ಕೊಟ್ಟಿತು,
ಇಡೀ ಬಸ್ಸು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಹೆಸರಿಟ್ಟವಳು ನಾನೇ. ಬೆನ್ನ ಮೇಲೆ
ಡೊಂಕು ಡೊಂಕು ಕಪ್ಪು ಗೆರೆ, ಹೊಟ್ಟೆ ಬೆಳ್ಳಿ.
ಮೀನುಪೇಟೆಯಲ್ಲಿ ಮಲಗಿಸಿದರೆ
ಯಾರಾದರೂ ದರ ಕೇಳಿಯಾರು.
ಈಗ ಗೆರೆಗಳ ನಡುವೆ ಅಲ್ಲಲ್ಲಿ ದುಂಡಗೆ ಬೋಳು,
ಸೀಮೆಸುಣ್ಣದ ಗುರುತು ಹಾಕಿ
ಕತ್ತರಿಸಿ ತೆಗೆದ ಹಾಗೆ.
ನಾನು ರವಿಕೆ ಹೊಲಿಯುವವಳು,
ಯಾವ ತೂತು ಮೊಳೆಯದು, ಯಾವುದು ಇಲಿಯದು
ಕಂಡರೇ ಹೇಳುತ್ತೇನೆ.
ಇದು ಮಾತ್ರ ತಿಳಿಯಲಿಲ್ಲ.

ಬೇವು ಅರೆದು ಹಚ್ಚಿದೆ, ಮೂರು ದಿನ ಮಾತು ಬಿಟ್ಟಿತು.
ಕೊಬ್ಬರಿ ಎಣ್ಣೆ ಹಚ್ಚಿದೆ, ನೆಕ್ಕಿ ಮುಗಿಸಿ
ಇನ್ನಷ್ಟು ಕೊಡೆಂದು ಕಾಲಿಗೆ ಸುತ್ತಿತು.

ಸದಾಶಿವಗಡದಿಂದ ಕೂಗುತ್ತಲೇ ಬಂದದ್ದು
ಕಾಳಿ ಸೇತುವೆಯ ಮೇಲೆ ಥಟ್ಟನೆ ಸುಮ್ಮನಾಯಿತು.
ಬುಟ್ಟಿಯ ಕಿಂಡಿಗೆ ಮೂಗು.
ಕೆಳಗೆ ಭರತದ ನೀರು, ಅದರ ಪೂರಾ ವಾಸನೆ.

ಪಶು ಆಸ್ಪತ್ರೆಯಲ್ಲಿ ನಮ್ಮ ಮುಂದೆ ಒಂದು ಆಡು,
ತನ್ನದೇ ಚೀಟಿ ತಿನ್ನುತ್ತಿತ್ತು.
ಹೆಸರು? ಶೇವಂತಿ ಮಾಜಾಳಿಕರ್.
ನಿಮ್ಮದಲ್ಲ, ಬೆಕ್ಕಿಂದು.
ಕಂಪೌಂಡರ್ ಬರೆದುಕೊಂಡ: ಬಾಂಗಡೆ, ಹೆಣ್ಣು, ಎರಡು ವರ್ಷ.
ನಗಲಿಲ್ಲ. ಒಳ್ಳೆಯವನು.

ಬಿರಾದಾರ ಡಾಕ್ಟರಮ್ಮ ವಿಜಯಪುರದ ಕಡೆಯವರು.
ಎಮ್ಮೆಗೆ ಪಳಗಿದ ದೊಡ್ಡ ಕೈ,
ಕಿವಿ ಮಡಚಿ ನೋಡುವಾಗ ಮಾತ್ರ
ಮೊಗ್ಗು ಬಿಡಿಸುವ ಹಾಗೆ ಬಿಡಿಸಿತು.
ಗಜಕರ್ಣ ಐತ್ರೀ, ಎಂದರು.
ಹಲಸಿನ ಎಲೆಯಷ್ಟೂ ಇಲ್ಲದ ಕಿವಿಗೆ
ಆನೆಯ ಕಿವಿಯ ಹೆಸರು!
ನಾನು ನಕ್ಕೆ. ಅವರು ಕಿಟಕಿ ಮುಚ್ಚಿದರು.

ಸ್ವಂತ ದುಡ್ಡಿನಲ್ಲಿ ತರಿಸಿದ್ದಂತೆ ಆ ನೀಲಿ ಬ್ಯಾಟರಿ.
ಕತ್ತಲಲ್ಲಿ ಅದನ್ನು ಹಿಡಿದದ್ದೇ
ಬಾಂಗಡೆಯ ಕಿವಿಯಂಚು, ಮೊಣಕಾಲು, ಬಾಲದ ಬುಡ
ಹಸಿರಾಗಿ ಹೊತ್ತಿಕೊಂಡವು.
ನಾನು ಇಂಥದನ್ನು ಒಮ್ಮೆ ನೋಡಿದ್ದೇನೆ,
ಅಣ್ಣ ರಾತ್ರಿ ಬಲೆ ಎಳೆಯುವಾಗ
ಹುಟ್ಟು ಬಿದ್ದಲ್ಲೆಲ್ಲ ನೀರು ಉರಿಯುತ್ತಿತ್ತು.
ಚಂದ, ಎಂದುಬಿಟ್ಟೆ.
ಚಂದ ಅಲ್ಲಮ್ಮಾ, ರೋಗ.
ಬೆಳಕು ಮೆಲ್ಲಗೆ ನನ್ನ ಕಡೆ ತಿರುಗಿತು.

ಅವಸರದಲ್ಲಿ ಕೊರಳಲ್ಲೇ ಉಳಿದಿತ್ತು ಅಳತೆ ಟೇಪು.
ಅದರ ಮೇಲೆ ಸಣ್ಣ ಸಣ್ಣ ಹಸಿರು ಕೂದಲು.
ಮೂವತ್ತರ ಹತ್ತಿರ ಒಂದು, ಮೂವತ್ತೆಂಟರಲ್ಲಿ ಎರಡು.
ಮೂವತ್ತೆಂಟು ಎಂದರೆ ಪ್ರೇಮಾವತಿ ಬಾನಾವಳಿ.
ನಲವತ್ತೆರಡು ಜುಲಿಯಾನಾ ಬಾಯಿ.
ಮೂವತ್ತು ಸುಲಕ್ಷಾ, ಬರುವ ತಿಂಗಳು ಮದುವೆ,
ತೋಳಿಗೆ ಜರಿ, ಬೆನ್ನಿಗೆ ಲಾಡಿ,
ಎರಡು ಸಲ ಅಳತೆ ಕೊಟ್ಟಿದ್ದಾಳೆ.

ನಿಮಗೇನರ ಆಗೈತೇನು?
ಸೆಕೆಯಲ್ಲೂ ಉದ್ದ ತೋಳು ಯಾಕೆ ಎಂದು
ಊರಿನಲ್ಲಿ ಯಾರೂ ಕೇಳಿರಲಿಲ್ಲ.
ಗುಂಡಿ ಬಿಚ್ಚಿದೆ.
ಮೊಣಕೈ ಮಡಿಕೆಯಲ್ಲಿ, ಅದು ತಲೆಯಿಟ್ಟು ಮಲಗುವ ಜಾಗದಲ್ಲಿ,
ಬಳೆಯಷ್ಟು ದುಂಡಗೆ ಕೆಂಪು.
ನಾ ದನದ ಡಾಕ್ಟರ್ರೀ, ಎನ್ನುತ್ತಲೇ ಅವರು
ನನ್ನ ಕೈಯನ್ನೂ ಅದೇ ಬೆರಳಲ್ಲಿ ಹಿಡಿದು ನೋಡಿದರು.
ಎರಡು ತಿಂಗಳಾಗಿತ್ತು ಆ ಕೈಯನ್ನು
ಬೆಕ್ಕಿನ ಹೊರತು ಯಾರೂ ಮುಟ್ಟಿ.

ಮಾತ್ರೆ, ಮುಲಾಮು, ಗಂಧಕ ನಾರುವ ನೀರು.
ಆರು ವಾರ ಬೇರೆ ಕೋಣೆ. ನನ್ನ ಮನೆಗೆ ಒಂದೇ ಕೋಣೆ.
ಟೇಪು ಸುಟ್ಟುಬಿಡಿ ಅಂದರು.
ನೆಕ್ಕದ ಹಾಗೆ ಕೊರಳಪಟ್ಟಿ ಬೇಕು,
ನಮ್ಮಲ್ಲಿ ಇರೋದು ನಾಯಿ ಸೈಜು.

ಸಂಜೆ ಒಲೆ ಹಚ್ಚುವ ಮೊದಲು
ಆ ಟೇಪಿನಿಂದ ಕೊನೆಯ ಅಳತೆ ತೆಗೆದೆ.
ಕೊರಳು ಒಂಬತ್ತು. ಕಚ್ಚಿತು.
ಮತ್ತೆ ಹಿಡಿದೆ. ಒಂಬತ್ತೂಕಾಲು.
ಉಳಿದ ಬಕ್ರಮ್ ಕತ್ತರಿಸಿ, ಅಂಚಿಗೆ ಸುಲಕ್ಷಾಳ ಜರಿ ಚೂರು.
ಹಾಕಿದ ಮೇಲೆ ಗೋಡೆಗೆ ಡಿಕ್ಕಿ ಹೊಡೆದು
ಹಿಂದೆ ಹಿಂದೆ ನಡೆಯಿತು.

ಜರಿ ಹಾಕಬಾರದಿತ್ತು. ಬಿಚ್ಚುತ್ತೇನೆ.
ನಾಳೆ ಮೊದಲು ಅವಳ ಮನೆಗೇ ಹೋಗಬೇಕು,
ಹೊಸ್ತಿಲಾಚೆ ನಿಂತು, ತೋಳು ಮಡಚಿಕೊಂಡು.
ಮಾತು ಎಲ್ಲಿಂದ ಶುರು ಮಾಡಲಿ?
ನಮ್ಮ ಬಾಂಗಡೆಗೆ, ಎಂದರೆ
ಹಸಿಯದೋ ಒಣಗಿದ್ದೋ ಎಂದು
ಅವಳಮ್ಮ ಪಾತ್ರೆ ಹಿಡಿದು ಬಂದಾಳು.